ವೃಷಭ ಬಸವನಾದ ಬಗೆ: ಶರಣರ ಹೆಸರುಗಳ ಚರಿತ್ರೆ





ಕಳೆದ ಶ್ರಾವಣ ಮಾಸದಲ್ಲಿ ಶ್ರೀಮಠಕ್ಕೆ ಒಂದು ಕುಟುಂಬ ಬಂದಿತ್ತು. ಪರದೇಶದಲ್ಲಿ ಉದ್ಯೋಗದಲ್ಲಿರುವ ಮಗ, ಸೊಸೆ, ಮೂರು ತಿಂಗಳ ಹೆಣ್ಣುಕೂಸು, ಅವರೊಂದಿಗೆ ಊರಿನಲ್ಲಿಯೇ ಉಳಿದಿರುವ ವಯೋವೃದ್ಧ ತಂದೆ. ಕೂಸಿಗೆ ಹೆಸರಿಡುವ ಕಾರ್ಯ ಒಂದು ವಾರದಲ್ಲಿತ್ತು. ಲಿಂಗೈಕ್ಯರಾದ ತಮ್ಮ ಧರ್ಮಪತ್ನಿ ಲಕ್ಕವ್ವನವರ ಹೆಸರನ್ನೇ ಮೊಮ್ಮಗಳಿಗೆ ಇಡಬೇಕೆಂಬುದು ಹಿರಿಯರ ಆಸೆ. ಮಗನಿಗೆ ಅದು ಒಪ್ಪಿಗೆಯಿರಲಿಲ್ಲ. ತಾಯಿಯ ಮೇಲೆ ಪ್ರೀತಿಯಿಲ್ಲವೆಂದಲ್ಲ. ಅವರ ಅಳುಕಿಗೆ ಕಾರಣ ಬೇರೆಯಿತ್ತು.

“ಅಪ್ಪಾವ್ರ, ನನ್ನ ಹೆಸರು ಬಸವಣ್ಣೆಪ್ಪ. ಹದಿನೈದು ವರ್ಷದಾಗ ಆ ದೇಶದಾಗ ನನ್ನ ಹೆಸರು ನೆಟ್ಟಗ ಕರದವ್ರು ಒಬ್ರೂ ಇಲ್ರಿ. ಹೆಸರು ಕೂಗಬೇಕಂದ್ರ ಮಂದಿ ಮೊದಲ ತಡವರಿಸ್ತಾರ, ಆಮ್ಯಾಲೆ ನಗತಾರ. ಮಗಳಿಗೆ ಆ ತ್ರಾಸ ಬ್ಯಾಡ್ರಿ” ಎಂದು ಅವರು ಪೂಜ್ಯ ಶ್ರೀಗಳಲ್ಲಿ ನಿವೇದಿಸಿಕೊಂಡರು. ಹಿರಿಯರು ತಲೆ ಎತ್ತದೆಯೇ, “ಬರಲಿಲ್ಲಂದ್ರ ಕಲೀಲಿ. ಅವರ ಹೆಸರು ನಾವು ಕಲ್ತಿಲ್ಲೇನು?” ಎಂದರು.

ತಂದೆ ಮಗನ ನಡುವಿನ ಈ ಎರಡು ಮಾತುಗಳಲ್ಲಿ ಯಾವುದನ್ನೂ ತಳ್ಳಿಹಾಕುವಂತಿರಲಿಲ್ಲ. ಶ್ರೀಗಳು ಮುಗುಳ್ನಕ್ಕು, ಹತ್ತಿರದಲ್ಲಿ ಕುಳಿತಿದ್ದ ನಮ್ಮ ಕಡೆ ತಿರುಗಿ, “ನಮ್ಮ ಶರಣರ ಹೆಸರುಗಳ ಚರಿತ್ರೆಯನ್ನು ಒಮ್ಮೆ ಬರೆಯಿರಿ, ಇದು ಇವರೊಬ್ಬರ ಪ್ರಶ್ನೆಯಲ್ಲ” ಎಂದು ಅಪ್ಪಣೆ ಕೊಡಿಸಿದರು. ಆ ಅಪ್ಪಣೆಯ ಫಲವೇ ಈ ಲೇಖನ.

ಬಸವ ಎಂಬ ಹೆಸರು

ಹೆಸರು ಕೆಡುತ್ತದೆ ಎಂಬ ಚಿಂತೆಯಿಂದಲೇ ಆರಂಭಿಸೋಣ. ನಾವು ದಿನವೂ ಭಕ್ತಿಯಿಂದ ಉಚ್ಚರಿಸುವ ‘ಬಸವ’ ಎಂಬ ನಾಮ ಎಲ್ಲಿಂದ ಬಂದಿತು? ಸಂಸ್ಕೃತದಲ್ಲಿ ‘ವೃಷಭ’ ಎಂದರೆ ಎತ್ತು, ಗೂಳಿ. ಆ ಪದ ಪ್ರಾಕೃತದ ನಾಲಿಗೆಯಲ್ಲಿ ‘ವಸಹ’ವಾಯಿತು, ಕನ್ನಡಿಗರ ನಾಲಿಗೆಯಲ್ಲಿ ‘ಬಸವ’ವಾಯಿತು. ಋಕಾರ ಹೋಯಿತು, ಷಕಾರ ಸಕಾರವಾಯಿತು, ಮಹಾಪ್ರಾಣ ಸವೆಯಿತು, ಮೊದಲಿನ ವಕಾರ ಬಕಾರಕ್ಕೆ ತಿರುಗಿತು. ಮೂಲವನ್ನು ಬಲ್ಲ ಪಂಡಿತನೊಬ್ಬ ಅಂದು ಎದುರಿಗಿದ್ದರೆ ಇದನ್ನು ಅಪಶಬ್ದವೆಂದೇ ಎಣಿಸುತ್ತಿದ್ದನೇನೋ!

ಆದರೆ ಕನ್ನಡದ ವ್ಯಾಕರಣ ಪರಂಪರೆ ಹಾಗೆ ಎಣಿಸಲಿಲ್ಲ. 13ನೆಯ ಶತಮಾನದಲ್ಲಿ ಕೇಶಿರಾಜನು ರಚಿಸಿದ ‘ಶಬ್ದಮಣಿದರ್ಪಣ’ದಲ್ಲಿ ಇಂಥ ಮಾರ್ಪಾಡುಗಳಿಗೆಂದೇ ‘ಅಪಭ್ರಂಶ ಪ್ರಕರಣ’ವೆಂಬ ಒಂದು ಭಾಗವಿದೆ. ಸಂಸ್ಕೃತದ ಯಾವ ಅಕ್ಷರ ಕನ್ನಡದಲ್ಲಿ ಯಾವುದಾಗುತ್ತದೆ ಎಂಬುದಕ್ಕೆ ಅಲ್ಲಿ ನಿಯಮಗಳಿವೆ. ತದ್ಭವಗಳೆಂದು ನಾವು ಶಾಲೆಯಲ್ಲಿ ಓದಿದ್ದು ಇವನ್ನೇ. ಜನರ ಬಾಯಲ್ಲಿ ಸವೆದು ಬಂದ ಪದಕ್ಕೂ ಒಂದು ಕ್ರಮವಿದೆ, ಒಂದು ಘನತೆಯಿದೆ ಎಂಬುದನ್ನು ವೈಯಾಕರಣನೇ ಒಪ್ಪಿಕೊಂಡನೆಂದು ಇದರ ತಾತ್ಪರ್ಯ.

ಬೆಳಗಾವಿ ಜಿಲ್ಲೆಯ ಅರ್ಜುನವಾಡದ ಶಾಸನದ ಕಾಲ 1260. ಬಸವಣ್ಣನವರನ್ನು ಕುರಿತ ಮುಖ್ಯ ಶಾಸನಾಧಾರಗಳಲ್ಲಿ ಅದು ಒಂದು. ಅಲ್ಲಿ ಅವರು ಬಾಗೇವಾಡಿಯ ಮಾದಿರಾಜನ ಮಗ ‘ಬಸವರಾಜ’. ಕಲ್ಲಿನಲ್ಲಿ ಕೊರೆಯುವಾಗಲೂ ಅದನ್ನು ‘ವೃಷಭರಾಜ’ ಎಂದು ತಿದ್ದಬೇಕೆಂದು ಅನ್ನಿಸಲಿಲ್ಲ. ಆ ಶಾಸನದ ಕಾಲದಲ್ಲಿ ಆಳುತ್ತಿದ್ದ ಯಾದವ ದೊರೆಯ ಹೆಸರು ಕೃಷ್ಣ. ಅವನನ್ನೂ ಶಾಸನಗಳು ‘ಕನ್ನರ’ ಎಂದು ಕರೆಯುತ್ತವೆ. ದೊರೆಯ ಹೆಸರಿಗೂ ಶರಣನ ಹೆಸರಿಗೂ ಜನರ ನಾಲಿಗೆ ಒಂದೇ ನ್ಯಾಯವನ್ನು ಅನ್ವಯಿಸಿತು.

ಹರಿಹರ ಕವಿ ‘ಬಸವರಾಜದೇವರ ರಗಳೆ’ಯನ್ನು ಬರೆದನು. ಪಾಲ್ಕುರಿಕೆ ಸೋಮನಾಥನು ತೆಲುಗಿನಲ್ಲಿ ‘ಬಸವಪುರಾಣ’ವನ್ನು ರಚಿಸಿದನು, 1369ರಲ್ಲಿ ಭೀಮಕವಿ ಅದೇ ಹೆಸರಿನ ಕಾವ್ಯವನ್ನು ಕನ್ನಡದಲ್ಲಿ ಕೊಟ್ಟನು. ಪುರಾಣಕಾರರು ಬಸವಣ್ಣನವರಲ್ಲಿ ನಂದಿಯ ಅವತಾರವನ್ನು ಕಂಡವರು. ಹೆಸರಿನ ಮೂಲ ಅವರಿಗೆ ಚೆನ್ನಾಗಿ ತಿಳಿದಿತ್ತು. ಆದರೂ ಕಾವ್ಯದ ಹಣೆಯ ಮೇಲೆ ಬರೆದದ್ದು ಜನರು ಕರೆದ ಹೆಸರನ್ನೇ. 17ನೆಯ ಶತಮಾನದಲ್ಲಿ ಮಹಾಪಂಡಿತನಾದ ಷಡಕ್ಷರದೇವನು ತನ್ನ ಚಂಪೂಕಾವ್ಯದಲ್ಲಿ ಬಸವಣ್ಣನವರ ಕಥೆಯನ್ನು ಹೇಳಿದನು. ‘ಬಸವರಾಜವಿಜಯ’ವೆಂದೂ ಕರೆಯಲಾಗುವ ಆ ಕೃತಿಗೆ ‘ವೃಷಭೇಂದ್ರವಿಜಯ’ವೆಂಬ ಹೆಸರು ಪ್ರಸಿದ್ಧವಾಗಿದೆ. ಸವೆದ ನಾಣ್ಯಕ್ಕೆ ಮತ್ತೆ ಹಳೆಯ ಅಚ್ಚೊತ್ತಿದ ಹಾಗೆ ಅದು. ಕಾವ್ಯವನ್ನು ವಿದ್ವಾಂಸರು ಇಂದಿಗೂ ಆದರಿಸುತ್ತಾರೆ. ಆದರೆ ತೊಟ್ಟಿಲ ಬಳಿ ಜನರು ಹಾಡುವುದು ಬಸವನನ್ನೇ. ಭಕ್ತರು ಕೂಗಿ ಕೂಗಿ ನುಣುಪಾದ ಹೆಸರು ವೃಷಭೇಂದ್ರನೆಂಬ ತಿದ್ದುಪಡಿಗೆ ಜಾಗ ಬಿಡಲಿಲ್ಲ.

ಬಸವ ಒಂದೇ ಅಲ್ಲ. ಕಿನ್ನರಿ ಬೊಮ್ಮಯ್ಯನವರ ಹೆಸರಿನಲ್ಲಿರುವ ‘ಬೊಮ್ಮ’ನು ‘ಬ್ರಹ್ಮ’ನ ತದ್ಭವ. ಆಯ್ದಕ್ಕಿ ಲಕ್ಕಮ್ಮನವರ ‘ಲಕ್ಕ’ ‘ಲಕ್ಷ್ಮೀ’ ಎಂಬುದರ ತದ್ಭವ. ಆದ್ದರಿಂದ ನಾಲಿಗೆಗೆ ಒಗ್ಗದ ಹೆಸರು ನಾಲಿಗೆಗೆ ತಕ್ಕಂತೆ ಬದಲಾಗುವುದು ಅವಮಾನವೇನಲ್ಲ. ಅವಮಾನವಾಗಿದ್ದರೆ ನಮ್ಮ ಪರಂಪರೆಯ ಅತ್ಯಂತ ಪೂಜ್ಯ ನಾಮವೇ ನಮಗೆ ದೊರೆಯುತ್ತಿರಲಿಲ್ಲ.

ಅಯ್ಯ, ಅಣ್ಣ, ಅಕ್ಕ, ಅವ್ವೆ

ಹಾಗಾದರೆ ಹೆಸರನ್ನು ಹೇಗೆ ಕರೆದರೂ ನಡೆಯುತ್ತದೆಯೇ? ಇಲ್ಲ. ಶರಣರು ಅಕ್ಷರದ ಶುದ್ಧಿಗಿಂತ ಇನ್ನೊಂದು ಶುದ್ಧಿಯನ್ನು ಬಹಳ ಕಟ್ಟುನಿಟ್ಟಾಗಿ ಪಾಲಿಸಿದರು. ಅದು ಹೆಸರಿನ ಕೊನೆಯಲ್ಲಿ ನಿಲ್ಲುವ ಗೌರವದ ಮಾತು.

ಶರಣರ ನಾಮಾವಳಿಯನ್ನು ಒಮ್ಮೆ ಮನಸ್ಸಿನಲ್ಲಿಯೇ ಓದಿಕೊಳ್ಳಿ. ಅಂಬಿಗರ ಚೌಡಯ್ಯ, ಮಡಿವಾಳ ಮಾಚಯ್ಯ, ಮೇದರ ಕೇತಯ್ಯ, ನುಲಿಯ ಚಂದಯ್ಯ, ಮಾದಾರ ಚೆನ್ನಯ್ಯ, ಡೋಹರ ಕಕ್ಕಯ್ಯ, ಹಡಪದ ಅಪ್ಪಣ್ಣ, ತುರುಗಾಹಿ ರಾಮಣ್ಣ, ಕೊಟ್ಟಣದ ಸೋಮವ್ವೆ, ಕದಿರೆ ರೆಮ್ಮವ್ವೆ. ಮೊದಲ ಮಾತು ಕಾಯಕವನ್ನು ಹೇಳುತ್ತದೆ: ದೋಣಿ ನಡೆಸುವುದು, ಬಟ್ಟೆ ಮಡಿ ಮಾಡುವುದು, ಬಿದಿರು ಹೆಣೆಯುವುದು, ಹಗ್ಗ ಹೊಸೆಯುವುದು, ದನ ಕಾಯುವುದು, ಭತ್ತ ಕುಟ್ಟುವುದು, ನೂಲು ನೂಲುವುದು. ಅಂದಿನ ಸಮಾಜದಲ್ಲಿ ಈ ಮೊದಲ ಮಾತೇ ಮನುಷ್ಯನನ್ನು ಕೆಳಗಿಡಲು ಸಾಕಾಗಿತ್ತು. ಶರಣರು ಅದನ್ನು ಮುಚ್ಚಿಡಲಿಲ್ಲ, ಬೇರೆ ಹೆಸರನ್ನು ಹುಡುಕಲಿಲ್ಲ. ಕಾಯಕವನ್ನು ಮುಂದಿಟ್ಟು, ಹಿಂದೆ ‘ಅಯ್ಯ’, ‘ಅಣ್ಣ’, ‘ಅವ್ವೆ’ಯನ್ನು ನಿಲ್ಲಿಸಿದರು. ಬಿಜ್ಜಳನ ಭಂಡಾರದ ಅಧಿಕಾರವನ್ನು ನಡೆಸಿದ ಬಸವರಸರಿಗೆ ಒಂದು ‘ಅಣ್ಣ’. ಅವರ ಸೇವೆಯಲ್ಲಿದ್ದ ಅಪ್ಪಣ್ಣನವರಿಗೂ ಒಂದು ‘ಅಣ್ಣ’. ಉಡುತಡಿಯ ಮಹಾದೇವಿ ವಯಸ್ಸಿನಲ್ಲಿ ಕಿರಿಯಳಾದರೂ ಹಿರಿಯ ಶರಣರಿಗೆಲ್ಲ ‘ಅಕ್ಕ’ನಾದಳು.

ಮಾದಾರ ಚೆನ್ನಯ್ಯನವರನ್ನೂ ಡೋಹರ ಕಕ್ಕಯ್ಯನವರನ್ನೂ ಬಸವಣ್ಣನವರು ತಮ್ಮ ಬಂಧುವರ್ಗವೆಂದು ವಚನಗಳಲ್ಲಿ ಹೇಳಿಕೊಂಡಿದ್ದಾರೆ. ಇನ್ನೊಬ್ಬರನ್ನು ಸಂಬೋಧಿಸುವ ಮಾತಿನಲ್ಲಿಯೇ ನಮ್ಮ ಆಚಾರ ಅಡಗಿದೆ, ಸದ್ಗತಿಗೂ ದುರ್ಗತಿಗೂ ಬೇರೆ ಲೋಕವನ್ನು ಹುಡುಕಬೇಕಾಗಿಲ್ಲ ಎಂಬುದು ಅವರ ವಚನಗಳ ಇಂಗಿತ. ‘ಅಯ್ಯ’ ಎಂಬ ಎರಡಕ್ಷರ ಅವರಿಗೆ ವ್ಯಾಕರಣದ ಪ್ರತ್ಯಯವಾಗಿರಲಿಲ್ಲ, ಧರ್ಮದ ಲಕ್ಷಣವಾಗಿತ್ತು.

ಇಲ್ಲೊಂದು ಸಂಗತಿಯನ್ನು ಗಮನಿಸಬೇಕು. ಅಪ್ಪ, ಅಮ್ಮ, ಅವ್ವ, ಅಕ್ಕ, ಅಣ್ಣ, ಅಯ್ಯ, ಅಜ್ಜ: ಕನ್ನಡದಲ್ಲಿ ಗೌರವವನ್ನೂ ವಾತ್ಸಲ್ಯವನ್ನೂ ಹೊತ್ತ ಈ ಮಾತುಗಳೆಲ್ಲ ಒತ್ತಕ್ಷರದವು. ನಾಲಿಗೆ ಒಂದು ಕ್ಷಣ ನಿಂತು ಮುಂದೆ ಹೋಗಬೇಕು. ಪರಭಾಷಿಕರ ಬಾಯಲ್ಲಿ ಮೊದಲು ಮಾಯವಾಗುವುದೂ ಇದೇ ಒತ್ತು. ಆಗ ‘ಲಕ್ಕವ್ವ’ ‘ಲಾಕಾವಾ’ ಆಗುತ್ತದೆ, ‘ಅಕ್ಕ’ ‘ಆಕಾ’ ಆಗುತ್ತದೆ. ನಮ್ಮ ಹೆಸರುಗಳಲ್ಲಿ ಗೌರವ ಕುಳಿತಿರುವ ಜಾಗವೇ ಅವರಿಗೆ ಎಡವುವ ಜಾಗವಾಗಿದೆ. ಇದು ಅವರ ದುರುದ್ದೇಶವಲ್ಲ. ಅವರ ಭಾಷೆಗೆ ಆ ನಿಲುಗಡೆಯ ಅಭ್ಯಾಸವಿಲ್ಲ, ಅಷ್ಟೆ.

ಲಕ್ಕಮ್ಮನ ಹೆಸರು

ಮೊಮ್ಮಗಳಿಗೆ ಇಡಬೇಕೋ ಬೇಡವೋ ಎಂದು ಚರ್ಚೆಯಾದ ಹೆಸರನ್ನು ಧರಿಸಿದ್ದ ಶರಣೆಯ ಕಥೆ ನಮ್ಮವರಿಗೆಲ್ಲ ಗೊತ್ತು. ಮಾರಯ್ಯ, ಲಕ್ಕಮ್ಮ ದಂಪತಿಗಳು ಅಮರೇಶ್ವರದ ಕಡೆಯಿಂದ ಕಲ್ಯಾಣಕ್ಕೆ ಬಂದವರು. ಅಂಗಳದಲ್ಲಿ ಉದುರಿದ ಅಕ್ಕಿಯನ್ನು ಆಯ್ದು ತಂದು ದಾಸೋಹ ನಡೆಸುವುದು ಅವರ ಕಾಯಕ. ಒಂದು ದಿನ ಮಾರಯ್ಯನವರು ಎಂದಿಗಿಂತ ಹೆಚ್ಚು ಅಕ್ಕಿಯನ್ನು ತಂದಾಗ, ಬೇಕಾದುದಕ್ಕಿಂತ ಹೆಚ್ಚಿನದು ಆಸೆಯೆಂದು ತಿಳಿಹೇಳಿ, ಅದನ್ನು ಅಲ್ಲಿಯೇ ಸುರಿದು ಬರುವಂತೆ ಲಕ್ಕಮ್ಮನವರು ಪತಿಯನ್ನು ಹಿಂದಕ್ಕೆ ಕಳುಹಿಸಿದರು. ಪತಿಗೆ ಆಚಾರವನ್ನು ನೆನಪಿಸಿದ ಸತಿ ಅವರು.

ಅವರ ವಚನಗಳ ಅಂಕಿತ ‘ಮಾರಯ್ಯಪ್ರಿಯ’ ಎಂದು ಆರಂಭವಾಗುತ್ತದೆ. ಬಹುಪಾಲು ವಚನಕಾರರು ವಚನದ ಕೊನೆಯಲ್ಲಿ ತಮ್ಮ ಹೆಸರನ್ನು ಇಡದೆ ತಮ್ಮ ಇಷ್ಟದೈವದ ಹೆಸರನ್ನು ಇಟ್ಟರು. ಬಸವಣ್ಣನವರಿಗೆ ಕೂಡಲಸಂಗಮದೇವ, ಅಲ್ಲಮಪ್ರಭುಗಳಿಗೆ ಗುಹೇಶ್ವರ, ಅಕ್ಕನಿಗೆ ಚೆನ್ನಮಲ್ಲಿಕಾರ್ಜುನ. ಅಂಬಿಗರ ಚೌಡಯ್ಯನವರಂಥ ನಿಷ್ಠುರ ಶರಣರು ಮಾತ್ರ ತಮ್ಮ ಹೆಸರನ್ನೇ ಅಂಕಿತವಾಗಿಸಿದರು. ಲಕ್ಕಮ್ಮನವರು ದೈವದ ಹೆಸರಿನ ಜೊತೆಗೆ ಪತಿಯ ಹೆಸರನ್ನೂ ಸೇರಿಸಿ ಹೇಳಿದರು. ನಮ್ಮ ಹಳ್ಳಿಗಳಲ್ಲಿ ಮೊನ್ನೆ ಮೊನ್ನೆಯವರೆಗೂ ಹೆಣ್ಣುಮಕ್ಕಳು ಗಂಡನ ಹೆಸರನ್ನು ನೇರವಾಗಿ ಹೇಳುತ್ತಿರಲಿಲ್ಲ. ಮದುವೆ ಮುಂಜಿಗಳಲ್ಲಿ ಒಡಪು ಕಟ್ಟಿ ಅದರೊಳಗೆ ಹೆಸರನ್ನು ಸೇರಿಸುತ್ತಿದ್ದರು. ಮಾವನ ಹೆಸರನ್ನು ಮಗನಿಗೆ ಇಟ್ಟರೆ ಸೊಸೆ ತನ್ನ ಕೂಸನ್ನೇ ಹೆಸರಿಡಿದು ಕರೆಯಲಾರದೆ ‘ಅಜ್ಜಾ’, ‘ಅಪ್ಪಾಜಿ’ ಎಂದು ಕರೆಯುತ್ತಿದ್ದಳು. ಇಂಥ ಸಮಾಜದ ನಡುವೆ, ಪತಿಯ ಹೆಸರನ್ನು ಎಂಟು ಶತಮಾನಗಳಿಂದ ನಿಸ್ಸಂಕೋಚವಾಗಿ ಹೇಳುತ್ತ ಬಂದಿರುವ ಧ್ವನಿ ಲಕ್ಕಮ್ಮನವರದು. ಆ ಹೆಸರು ಹಳ್ಳಿಗಾಡಿನದೆಂದು ನಾಚಿಕೊಳ್ಳುವವರು ಅದರ ಹಿಂದಿರುವ ಈ ಧೈರ್ಯವನ್ನು ಅರಿಯಬೇಕು.

ಬೇಡದ ಹೆಸರುಗಳು

ಪರಂಪರೆಯಿಂದ ಬಂದ ಹೆಸರುಗಳೆಲ್ಲ ಒಳ್ಳೆಯವೆಂದು ಮಾತ್ರ ಹೇಳಲಾಗದು. ಹುಟ್ಟಿದ ಮಕ್ಕಳು ಉಳಿಯದಿದ್ದ ಕಾಲದಲ್ಲಿ, ಮುಂದಿನ ಕೂಸಾದರೂ ಬದುಕಲೆಂದು ಅದನ್ನು ತಿಪ್ಪೆಯ ಮೇಲೆ ಹೊರಳಿಸಿ ತಿಪ್ಪಣ್ಣ, ತಿಪ್ಪವ್ವ ಎಂದೂ, ಕಲ್ಲಿನಂತೆ ಗಟ್ಟಿಯಾಗಿರಲೆಂದು ಕಲ್ಲಪ್ಪ, ಗುಂಡಪ್ಪ ಎಂದೂ ಹೆಸರಿಡುತ್ತಿದ್ದರು. ಕಿವಿಗೆ ಒರಟಾಗಿ ಕೇಳಿಸಿದರೂ ಆ ಹೆಸರುಗಳ ಹಿಂದೆ ತಾಯಿಯೊಬ್ಬಳ ಪ್ರಾರ್ಥನೆಯಿತ್ತು. ಅವುಗಳನ್ನು ಕಂಡು ನಗುವವರಿಗೆ ಆ ತಾಯಿಯ ದುಃಖ ತಿಳಿಯದು.

ಆದರೆ ಹೆಣ್ಣುಮಕ್ಕಳೇ ಸಾಲಾಗಿ ಹುಟ್ಟಿದಾಗ ‘ಇನ್ನು ಸಾಕು’ ಎಂದು ‘ಸಾಕವ್ವ’ ಎಂದು ಹೆಸರಿಟ್ಟದ್ದೂ ಉಂಟು. ನೆರೆಯ ಮಹಾರಾಷ್ಟ್ರದಲ್ಲಿ ಇಂಥದೇ ಹೆಸರು ‘ನಕುಶಾ’. ಮರಾಠಿಯಲ್ಲಿ ಬೇಡವಾದವಳು ಎಂದು ಅದರ ಅರ್ಥ. 2011ರಲ್ಲಿ ಸಾತಾರಾ ಜಿಲ್ಲೆಯಲ್ಲಿ ಆ ಹೆಸರನ್ನು ಹೊತ್ತಿದ್ದ ಇನ್ನೂರಕ್ಕೂ ಹೆಚ್ಚು ಹೆಣ್ಣುಮಕ್ಕಳಿಗೆ ಒಂದು ಸಮಾರಂಭದಲ್ಲಿ ಹೊಸ ಹೆಸರನ್ನಿಡಲಾಯಿತು. ಆ ಮಕ್ಕಳ ಹೆಸರನ್ನು ಊರವರೆಲ್ಲ ಒಂದಕ್ಷರವೂ ತಪ್ಪದಂತೆ ಉಚ್ಚರಿಸುತ್ತಿದ್ದರು. ಆದರೂ ಕರೆದಾಗಲೆಲ್ಲ ಅವರ ಮನಸ್ಸಿಗೆ ಗಾಯವಾಗುತ್ತಿತ್ತು. ಉಚ್ಚಾರಣೆ ಸರಿಯಿದ್ದ ಮಾತ್ರಕ್ಕೆ ಹೆಸರು ಸರಿಯಾಗುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೇ?

ಹೊರಗಿನ ಹೆಸರನ್ನು ನಾವು ಒಲಿದು ಸ್ವೀಕರಿಸಿದ ಉದಾಹರಣೆಯೂ ಇದೆ. ತಾಳೆಗರಿಗಳಲ್ಲಿ ಹುದುಗಿದ್ದ ವಚನಗಳನ್ನು ಹುಡುಕಿ ತೆಗೆದು, 1923ರಲ್ಲಿ ‘ವಚನಶಾಸ್ತ್ರಸಾರ’ದ ಮೊದಲ ಭಾಗವನ್ನು ಪ್ರಕಟಿಸಿ, ನಮಗೆ ಶರಣಸಾಹಿತ್ಯವನ್ನು ಮರಳಿ ಕೊಟ್ಟ ಮಹನೀಯರು ಡಾ. ಫ.ಗು. ಹಳಕಟ್ಟಿಯವರು. ಅವರ ಪೂರ್ಣ ಹೆಸರು ಫಕೀರಪ್ಪ ಗುರುಬಸಪ್ಪ ಹಳಕಟ್ಟಿ. ‘ಫಕೀರ’ ಅರಬ್ಬಿ ಭಾಷೆಯ ಪದ. ಉತ್ತರ ಕರ್ನಾಟಕದಲ್ಲಿ ಅದು ಮನೆಮಾತಾಗಿದೆ. ಶಿರಹಟ್ಟಿಯ ಫಕೀರೇಶ್ವರ ಮಠವು ಇಂದಿಗೂ ಹಿಂದೂ ಮುಸ್ಲಿಂ ಭಾವೈಕ್ಯದ ತಾಣ. ಅರಬ್ಬಿಯ ಹೆಸರಿಗೆ ನಮ್ಮ ಜನ ‘ಅಪ್ಪ’ನನ್ನು ಜೋಡಿಸಿ, ಹಳ್ಳಿಗಳಲ್ಲಿ ‘ಪಕ್ಕೀರಪ್ಪ’ ಎಂದು ಒಂದು ಒತ್ತನ್ನೂ ಕೊಟ್ಟು ತಮ್ಮದಾಗಿಸಿಕೊಂಡರು. ನಾವೂ ಇನ್ನೊಬ್ಬರ ಹೆಸರನ್ನು ನಮ್ಮ ನಾಲಿಗೆಗೆ ತಕ್ಕಂತೆ ತಿರುಗಿಸಿಕೊಂಡವರೇ. ಆದರೆ ಗೌರವವನ್ನು ಸೇರಿಸಿ ತಿರುಗಿಸಿಕೊಂಡೆವು.

ಪರಲಿಪಿಯ ಪಾಡು

ಇನ್ನು ಇಂಗ್ಲಿಷ್ ಅಕ್ಷರಗಳ ವಿಷಯ. ಆ ಲಿಪಿಯಲ್ಲಿ ನಕಾರ ಣಕಾರಗಳಿಗೆ ಬೇರೆ ಅಕ್ಷರಗಳಿಲ್ಲ. ಲಕಾರ ಳಕಾರಗಳಿಗೂ ಇಲ್ಲ. ಅಕಾರ ಆಕಾರಗಳಿಗೂ ಒಂದೇ ಗುರುತು. ಆದ್ದರಿಂದ ‘ಬಸವಣ್ಣ’ನನ್ನು ಓದುವವರಿಗೆ ಅದು ‘ಅಣ್ಣ’ನೋ ‘ಅನ್ನ’ವೋ ತಿಳಿಯುವುದಿಲ್ಲ. ‘ಹಳ್ಳಿ’ ‘ಹಲ್ಲಿ’ಯಾಗುತ್ತದೆ. ಹಿಂದಿಯವರು ಪದದ ಕೊನೆಯ ಅಕಾರವನ್ನು ನುಂಗುವುದರಿಂದ ‘ಬಸವ’ ‘ಬಸವ್’ ಆಗುತ್ತದೆ, ‘ಶಿವ’ ‘ಶಿವ್’ ಆಗುತ್ತದೆ.

ಊರುಗಳ ಹೆಸರುಗಳೂ ಈ ಪಾಡನ್ನು ಅನುಭವಿಸಿವೆ. ಬ್ರಿಟಿಷರ ಕಾಲದಲ್ಲಿ ಶ್ರೀರಂಗಪಟ್ಟಣ ‘ಸೆರಿಂಗಪಟಂ’ ಆಯಿತು, ಮಡಿಕೇರಿ ‘ಮರ್ಕಾರ’ ಆಯಿತು, ಬೆಳಗಾವಿ ‘ಬೆಲ್‌ಗಾಂ’ ಆಯಿತು. 2014ರ ನವೆಂಬರ್ 1ರಂದು ಬೆಂಗಳೂರು, ಮೈಸೂರು, ಬೆಳಗಾವಿ, ಹುಬ್ಬಳ್ಳಿ, ಕಲಬುರಗಿ ಮೊದಲಾದ 12 ನಗರಗಳ ಹೆಸರುಗಳನ್ನು ಕನ್ನಡದ ಉಚ್ಚಾರಣೆಗೆ ತಕ್ಕಂತೆ ಸರ್ಕಾರ ತಿದ್ದಿತು. ಈ ನಗರಗಳ ಕನ್ನಡಿಗರು ಅಷ್ಟು ಕಾಲವೂ ತಮ್ಮ ಊರನ್ನು ತಮ್ಮ ಹೆಸರಿನಿಂದಲೇ ಕರೆಯುತ್ತಿದ್ದರು. ಕಾಗದ ಮಾತ್ರ ಬಹಳ ತಡವಾಗಿ ಕಲಿಯಿತು.

ಆದರೆ ಪರದೇಶದವರೆಲ್ಲ ಕಲಿಯದವರೇ? ಜರ್ಮನಿಯಿಂದ ಬಂದ ಪಾದ್ರಿ ಫರ್ಡಿನೆಂಡ್ ಕಿಟ್ಟೆಲ್ ಅವರನ್ನು ನೆನೆಯಬೇಕು. 1894ರಲ್ಲಿ ಮಂಗಳೂರಿನಲ್ಲಿ ಪ್ರಕಟವಾದ ಅವರ ಕನ್ನಡ ನಿಘಂಟು ಇಂದಿಗೂ ವಿದ್ವಾಂಸರ ಕೈಪಿಡಿ. ರೋಮನ್ ಲಿಪಿಯಲ್ಲಿ ಕನ್ನಡವನ್ನು ಬರೆಯಬೇಕಾದಾಗ ಅಕ್ಷರದ ಕೆಳಗೆ ಚುಕ್ಕೆಯಿಟ್ಟು ಣಕಾರ, ಳಕಾರಗಳನ್ನು ಬೇರ್ಪಡಿಸಿ ತೋರಿಸಿದವರು ಅವರು. ಲಿಪಿಯಲ್ಲಿ ಕೊರತೆಯಿದ್ದರೂ ಮನಸ್ಸಿನಲ್ಲಿ ಕೊರತೆಯಿಲ್ಲದವನು ದಾರಿ ಹುಡುಕುತ್ತಾನೆ. ಹಿರಿಯರು ಹೇಳಿದ ‘ಕಲೀಲಿ’ ಎಂಬ ಮಾತು ಅಸಾಧ್ಯದ ಮಾತಲ್ಲ.

2015ರ ನವೆಂಬರ್ 14ರಂದು ಲಂಡನ್ ನಗರದಲ್ಲಿ ಥೇಮ್ಸ್ ನದಿಯ ದಂಡೆಯ ಮೇಲೆ ಬಸವೇಶ್ವರರ ಪ್ರತಿಮೆಯನ್ನು ಅನಾವರಣಗೊಳಿಸಲಾಯಿತು. ಅಲ್ಲಿ ನಿಂತು ಆ ಹೆಸರನ್ನು ಓದುವ ದಾರಿಹೋಕರು ನೂರು ಬಗೆಯಲ್ಲಿ ಅದನ್ನು ಉಚ್ಚರಿಸಬಹುದು. ವೃಷಭನನ್ನು ಬಸವನನ್ನಾಗಿಸಿದ ನಾವು ಅವರ ಮೇಲೆ ಮುನಿಯಬೇಕಾಗಿಲ್ಲ.

ನಾಲಿಗೆಯ ತಪ್ಪು, ಮನಸ್ಸಿನ ತಪ್ಪು

ಮುನಿಯಬೇಕಾದದ್ದು ಬೇರೆ ಕಡೆ. ನಮ್ಮ ಕಡೆಯ ಹಳ್ಳಿಗಳಲ್ಲಿ ‘ಬಸಪ್ಪ’ನನ್ನು ‘ಬಸ್ಯಾ’ ಎಂದೂ ‘ಕಲ್ಲಪ್ಪ’ನನ್ನು ‘ಕಲ್ಯಾ’ ಎಂದೂ ಕರೆಯುವ ರೂಢಿಯಿದೆ. ಇದೇ ‘ಬಸ್ಯಾ’ ತಾಯಿಯ ಬಾಯಿಂದ ಬಂದರೆ ಮುದ್ದು. ಬಾಲ್ಯದ ಗೆಳೆಯನ ಬಾಯಿಂದ ಬಂದರೆ ಸಲಿಗೆ. ಅದೇ ಮಾತು ಸಾಹುಕಾರನ ಕಟ್ಟೆಯ ಮೇಲಿನಿಂದ, ತನಗಿಂತ ಇಪ್ಪತ್ತು ವರ್ಷ ಹಿರಿಯನಾದ ಕೂಲಿಯಾಳಿನ ಮೇಲೆ ಬಿದ್ದರೆ? ಅಕ್ಷರಗಳು ಅವೇ, ಉಚ್ಚಾರಣೆ ಅದೇ. ಆದರೆ ಅಲ್ಲಿ ‘ಅಪ್ಪ’ನನ್ನು ಬೇಕೆಂದೇ ಕತ್ತರಿಸಲಾಗಿದೆ. ಕೆಲವು ಕೇರಿಗಳ ಜನರಿಗೆ ತಲೆತಲಾಂತರದಿಂದ ಪೂರ್ಣ ಹೆಸರೇ ದಕ್ಕದಂತೆ ಮಾಡಿದ ಪಾಪ ಈ ಕತ್ತರಿಯದು. ಶರಣರು ಚೆನ್ನನಿಗೆ ‘ಅಯ್ಯ’ನನ್ನು ಜೋಡಿಸಿದ ನಾಡಿನಲ್ಲಿಯೇ, ಆ ‘ಅಯ್ಯ’ನನ್ನು ಮತ್ತೆ ಕಿತ್ತುಕೊಂಡವರು ನಾವೇ.

ಆದ್ದರಿಂದ ಎರಡು ತಪ್ಪುಗಳನ್ನು ಬೇರೆಬೇರೆಯಾಗಿ ತಿಳಿಯಬೇಕು. ಒಂದು ನಾಲಿಗೆಯ ತಪ್ಪು. ಅದು ಅಭ್ಯಾಸದಿಂದ ತಿದ್ದುತ್ತದೆ, ತಿದ್ದದಿದ್ದರೂ ಕ್ಷಮೆಗೆ ಅರ್ಹ. ಇನ್ನೊಂದು ಮನಸ್ಸಿನ ತಪ್ಪು. ಅದು ಉಚ್ಚಾರಣೆ ಎಷ್ಟೇ ಸ್ಪಷ್ಟವಾಗಿದ್ದರೂ ತಪ್ಪೇ. ಹೊರದೇಶದ ಸಹೋದ್ಯೋಗಿ ಎರಡು ಸಲ ಎಡವಿ ಮೂರನೆಯ ಸಲ ಕೇಳಿ ತಿಳಿದುಕೊಂಡರೆ ಅವನು ‘ಅಯ್ಯ’ ಎಂದ ಹಾಗೆಯೇ. ಗೊತ್ತಿದ್ದೂ ನಗೆಗಾಗಿ ಹೆಸರನ್ನು ತಿರುಚುವವನನ್ನು ವಿನಯದಿಂದಲೇ, ಆದರೆ ಅಂಜದೆ ತಡೆಯಬೇಕು.

ಈ ಅಳತೆಗೋಲನ್ನು ನಮಗೂ ಹಿಡಿದುಕೊಳ್ಳೋಣ. ಬೆಂಗಳೂರಿಗೆ ದುಡಿಯಲು, ಓದಲು ಬಂದ ಮಣಿಪುರ, ನಾಗಾಲ್ಯಾಂಡ್, ಒಡಿಶಾ, ಬಿಹಾರದ ಮಕ್ಕಳ ಹೆಸರುಗಳನ್ನು ನಾವು ಕಲಿತಿದ್ದೇವೆಯೇ? ನಮ್ಮ ಮನೆಯಲ್ಲಿ ಪಾತ್ರೆ ತೊಳೆಯುವ ತಾಯಿಯ ಪೂರ್ಣ ಹೆಸರು ನಮಗೆ ಗೊತ್ತಿದೆಯೇ? ಕಾವಲುಗಾರನನ್ನು ‘ಏ’ ಎಂದು ಕರೆಯುವವನು, ಪರದೇಶದಲ್ಲಿ ತನ್ನ ಹೆಸರು ಕೆಟ್ಟಿತೆಂದು ಕೊರಗುವುದಕ್ಕೆ ಅಧಿಕಾರಿಯಾಗುವುದಿಲ್ಲ.

ಹೆಸರಿಡುವವರಿಗೆ ಕೆಲವು ಮಾತು

ಸದ್ಭಕ್ತರು ಮಠಕ್ಕೆ ಬಂದು ಕೇಳುವುದರಿಂದ ಕೆಲವು ವ್ಯಾವಹಾರಿಕ ಮಾತುಗಳನ್ನೂ ಹೇಳುವುದು ಉಚಿತ. ಆಯ್ದ ಹೆಸರನ್ನು ಮೊದಲು ಮನೆಯ ಹಿರಿಯರ ಬಾಯಲ್ಲಿ ಹೇಳಿಸಿ ಕೇಳಿರಿ. ಅಜ್ಜಿಗೆ ಹೇಳಲು ಬಾರದ ಹೆಸರನ್ನು, ಹೊರಗಿನವರಿಗೆ ಸುಲಭವಾಗಲೆಂದು ಆರಿಸುವುದು ನ್ಯಾಯವಲ್ಲ. ಹೆಸರಿನ ಅರ್ಥವನ್ನೂ ಅದನ್ನು ಧರಿಸಿದ್ದವರ ಕಥೆಯನ್ನೂ ನೀವು ತಿಳಿದಿರಬೇಕು. ಮಗು ಒಂದು ದಿನ ಕೇಳಿಯೇ ಕೇಳುತ್ತದೆ. ಶರಣರ ಹೆಸರುಗಳಲ್ಲಿ ನೀಲಾ, ಗಂಗಾ, ನಾಗಮ್ಮ, ಮಹಾದೇವಿ, ಅಲ್ಲಮ, ಸಿದ್ಧರಾಮ, ಚೆನ್ನಬಸವ ಮೊದಲಾಗಿ ಚಿಕ್ಕವೂ ಇವೆ, ದೊಡ್ಡವೂ ಇವೆ. ಚಿಕ್ಕ ಹೆಸರನ್ನು ಆರಿಸಿದರೆ ಅದು ಅಂಜಿಕೆಯ ಆಯ್ಕೆಯಾಗದೆ ಪ್ರೀತಿಯ ಆಯ್ಕೆಯಾಗಲಿ.

ಇಂಗ್ಲಿಷಿನಲ್ಲಿ ಬರೆಯುವಾಗ ಒಂದೇ ಕಾಗುಣಿತವನ್ನು ನಿಶ್ಚಯಿಸಿ, ಎಲ್ಲ ದಾಖಲೆಗಳಲ್ಲಿಯೂ ಅದನ್ನೇ ಬಳಸಬೇಕು. 1969ರ ಜನನ ಮರಣ ನೋಂದಣಿ ಕಾಯ್ದೆಯ ವ್ಯವಸ್ಥೆಯಂತೆ, ಹೆಸರಿಲ್ಲದೆ ಜನನವನ್ನು ನೋಂದಾಯಿಸಿದ್ದರೆ ಒಂದು ವರ್ಷದೊಳಗೆ ಶುಲ್ಕವಿಲ್ಲದೆ ಹೆಸರನ್ನು ಸೇರಿಸಬಹುದು. ಅನಂತರ ಶುಲ್ಕ ಕೊಟ್ಟು 15 ವರ್ಷಗಳವರೆಗೆ ಸೇರಿಸಬಹುದು. ಆದ್ದರಿಂದ ಆಸ್ಪತ್ರೆಯಲ್ಲಿ ಅವಸರದಿಂದ ಏನನ್ನೋ ಬರೆಸುವ ಅಗತ್ಯವಿಲ್ಲ. 2023ರ ತಿದ್ದುಪಡಿಯ ಪ್ರಕಾರ, ಆ ವರ್ಷದ ಅಕ್ಟೋಬರ್ 1ರಿಂದೀಚೆಗೆ ಹುಟ್ಟಿದವರಿಗೆ ಶಾಲಾ ಪ್ರವೇಶ, ಪಾಸ್‌ಪೋರ್ಟ್ ಮುಂತಾದವುಗಳಿಗೆ ಜನನ ಪ್ರಮಾಣಪತ್ರವೇ ಜನ್ಮದಿನಾಂಕದ ಆಧಾರ. ಹೀಗಾಗಿ ಒಂದು ಅಕ್ಷರದ ತಪ್ಪೂ ಮುಂದೆ ತೊಡಕಾಗಬಹುದು. ಪತ್ರವನ್ನು ಕೈಗೆ ಪಡೆದಾಗಲೇ ಕನ್ನಡ, ಇಂಗ್ಲಿಷ್ ಎರಡನ್ನೂ ಅಕ್ಷರ ಅಕ್ಷರವಾಗಿ ನೋಡಿಕೊಳ್ಳಿರಿ.

ಎಲ್ಲಕ್ಕಿಂತ ಮಿಗಿಲಾಗಿ, ತನ್ನ ಹೆಸರನ್ನು ಸ್ಪಷ್ಟವಾಗಿ ಹೇಳುವುದನ್ನೂ, ತಪ್ಪಾದಾಗ ನಗುಮುಖದಿಂದ ತಿದ್ದುವುದನ್ನೂ ಮಗುವಿಗೆ ಕಲಿಸಿರಿ. ಮನೆಯಲ್ಲಿ ತಂದೆತಾಯಿ ತಮ್ಮ ಹೆಸರಿಗೆ ನಾಚಿಕೊಂಡರೆ ಮಗು ಕಲಿಯುವುದೂ ಆ ನಾಚಿಕೆಯನ್ನೇ.

ಆ ಕುಟುಂಬದ ಮಾತಿಗೆ ಮರಳೋಣ. ಅಂದು ಶ್ರೀಗಳು ಇಂಥ ಹೆಸರನ್ನೇ ಇಡಿರೆಂದು ಅಪ್ಪಣೆ ಮಾಡಲಿಲ್ಲ. ಲಕ್ಕಮ್ಮನವರು ಅಕ್ಕಿಯನ್ನು ಹಿಂದಕ್ಕೆ ಕಳುಹಿಸಿದ ಕಥೆಯನ್ನು ಹೇಳಿ, ಕೂಸಿಗೆ ವಿಭೂತಿ ಧರಿಸಿ ಕಳುಹಿಸಿಕೊಟ್ಟರು. ಮುಂದಿನ ವಾರ ಊರಿನಲ್ಲಿ ತೊಟ್ಟಿಲಿಗೆ ಹಾಕಿದಾಗ ಸೋದರತ್ತೆ ಕೂಸಿನ ಕಿವಿಯಲ್ಲಿ ಹೇಳಿದ ಹೆಸರು ಲಕ್ಕಮ್ಮ ಎಂದೇ ಎಂಬ ಸುದ್ದಿ ಹಿರಿಯರಿಂದ ತಿಳಿಯಿತು.

ಕೆಲವು ತಿಂಗಳ ಮೇಲೆ ಆ ಮಗ ಮಠಕ್ಕೆ ದೂರವಾಣಿ ಮಾಡಿದ್ದರು. ಕೂಸಿಗೆ ಲಸಿಕೆ ಹಾಕಿಸಲು ಹೋದಾಗ, ದಾದಿಯೊಬ್ಬಳು ಪಟ್ಟಿಯನ್ನು ನೋಡುತ್ತ ತಡವರಿಸಿ, ಆ ಹೆಸರನ್ನು ಹೇಗೆ ಹೇಳಬೇಕೆಂದು ಕೇಳಿದಳಂತೆ. ‘ಲ’ ಎಂದು ಒಂದು ಕ್ಷಣ ನಿಲ್ಲಬೇಕು, ಆಮೇಲೆ ‘ಕ್ಕ’ ಎನ್ನಬೇಕು ಎಂದು ಇವರು ಹೇಳಿಕೊಟ್ಟರಂತೆ. ಮೂರನೆಯ ಸಲಕ್ಕೆ ಆಕೆಗೆ ಬಂದಿತು. ಆಕೆ ಅಷ್ಟಕ್ಕೆ ಸುಮ್ಮನಾಗದೆ, “ನಿಮ್ಮ ಹೆಸರು?” ಎಂದು ಕೇಳಿದಳು.

“ಅಪ್ಪಾವ್ರ, ಹದಿನೈದು ವರ್ಷದಾಗ ನನ್ನ ಹೆಸರು ಹ್ಯಾಂಗ ಅನಬೇಕಂತ ನಾನು ಯಾರಿಗೂ ಹೇಳೇ ಇರಲಿಲ್ರಿ. ಅವತ್ತ ಹೇಳಿದೆ” ಎಂದರು ಬಸವಣ್ಣೆಪ್ಪನವರು.